ವೇಲ್ಸ್‌ನ ಬೆಟ್ಟಗಳು ಇಷ್ಟು ಕಪ್ಪು ಯಾಕೆ? ಕಫಿನ್ ವಿಲಿಯಮ್ಸ್ ಚಿತ್ರಗಳನ್ನು ನೋಡುವ ಬಗೆ

ವೇಲ್ಸ್‌ನ ಚಿತ್ರಕಾರ ಕಫಿನ್ ವಿಲಿಯಮ್ಸ್ ಬರೆದ ಬೆಟ್ಟದ ಚಿತ್ರವನ್ನು ಮೊದಲ ಸಲ ನೋಡಿದವರು ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಇಷ್ಟು ಕಪ್ಪು ಯಾಕೆ? ಬಣ್ಣ ಇಷ್ಟು ದಪ್ಪ ಯಾಕೆ? ಕ್ಯಾನ್ವಾಸಿನ ತುಂಬ ಕಡು ಬೂದು, ಕಪ್ಪು, ಮಂಕು ಹಸಿರು, ಮಣ್ಣಿನ ಕಂದು. ಅದರ ನಡುವೆ ಥಟ್ಟನೆ ಒಂದು ಬಿಳಿ ಪಟ್ಟಿ. ಬಣ್ಣವನ್ನು ಬಳಿದ ಹಾಗಿಲ್ಲ, ಮೆತ್ತಿದ ಹಾಗಿದೆ. ತೀರಾ ಹತ್ತಿರ ಹೋದರೆ ಬೆಟ್ಟವೇ ಕಾಣುವುದಿಲ್ಲ, ಬರೀ ಬಣ್ಣದ ಹೆಂಟೆಗಳು ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಂಡೆ, ಕಣಿವೆ, ಕಲ್ಲುಗೋಡೆ ಎಲ್ಲ ತಂತಮ್ಮ ಜಾಗದಲ್ಲಿ ಕೂತಿರುತ್ತವೆ.

ಕಪ್ಪಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಕಲಾವಿದನ ಮನಸ್ಸು ಭಾರವಾಗಿತ್ತು, ಅದಕ್ಕೇ ಚಿತ್ರವೂ ಹಾಗಿದೆ. ಇದು ಪೂರ್ತಿ ಸುಳ್ಳೇನಲ್ಲ. ತಮ್ಮೊಳಗಿನ ವಿಷಾದದ ಬಗ್ಗೆ ಕಫಿನ್ ತಾವೇ ಮಾತಾಡಿದ್ದಾರೆ. ಆದರೆ ನನ್ನ ಪ್ರಕಾರ ಇದು ಸೋಮಾರಿ ಉತ್ತರ. ಆ ಕಪ್ಪಿನಲ್ಲಿ ಬಹುಪಾಲು ಅಲ್ಲಿನ ಬಿಸಿಲು, ಮಳೆ, ಕಲ್ಲುಗಳಿಂದ ಬಂದದ್ದು. ಅದನ್ನು ಒಂದೊಂದಾಗಿ ಬಿಡಿಸಿ ನೋಡಬಹುದು.

ಮೊದಲು ಮನುಷ್ಯನ ಬಗ್ಗೆ ಒಂದಿಷ್ಟು. ಕಫಿನ್ ಹುಟ್ಟಿದ್ದು 1918ರಲ್ಲಿ, ವೇಲ್ಸ್‌ನ ವಾಯವ್ಯ ಮೂಲೆಯ ಆಂಗಲ್ಸಿ ದ್ವೀಪದ ಲಾನ್‌ಗೆವ್ನಿ ಎಂಬ ಊರಿನಲ್ಲಿ. ಅಪ್ಪ ಬ್ಯಾಂಕ್ ಮ್ಯಾನೇಜರ್. ಚಿತ್ರಕಾರ ಆಗಬೇಕೆಂಬ ಕನಸೇನೂ ಹುಡುಗನಿಗೆ ಇರಲಿಲ್ಲ. 1937ರಲ್ಲಿ ಸೈನ್ಯದ ಕಡೆ ಹೋದರು. ಆದರೆ ಮೂರ್ಛೆರೋಗ ಇತ್ತು. 1941ರಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹರಾದರು. ಪರೀಕ್ಷೆ ಮಾಡಿದ ಡಾಕ್ಟರ್, ನೀವು ಸಾಮಾನ್ಯರ ಹಾಗಿಲ್ಲ, ಚಿತ್ರಕಲೆ ಹಿಡಿಯುವುದು ಒಳ್ಳೆಯದು ಎಂದರಂತೆ. ಇವತ್ತು ಯಾವ ಡಾಕ್ಟರಾದರೂ ಹೀಗೆ ಹೇಳಿದರೆ ದೊಡ್ಡ ರಾದ್ಧಾಂತವೇ ಆಗುತ್ತದೆ, ಅಲ್ವಾ? ಕಫಿನ್ ಆ ಮಾತನ್ನು ಪಾಲಿಸಿದರು. ಲಂಡನ್ನಿನ ಸ್ಲೇಡ್ ಕಲಾಶಾಲೆ ಸೇರಿದರು. ಯುದ್ಧದ ಕಾರಣಕ್ಕೆ ಸ್ಲೇಡ್ ಆಗ ಆಕ್ಸ್‌ಫರ್ಡ್‌ಗೆ ಸ್ಥಳಾಂತರವಾಗಿತ್ತು. 1944ರಲ್ಲಿ ಅಲ್ಲಿಂದ ಹೊರಬಿದ್ದು ಲಂಡನ್ನಿನ ಹೈಗೇಟ್ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದರು. 1973ರವರೆಗೆ ಅದೇ ಕೆಲಸ. ಈ ಲಂಡನ್ ವಾಸದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕಪ್ಪಿನ ಕಡೆ ಬರೋಣ. ಆಂಗಲ್ಸಿ ಹೆಚ್ಚುಕಮ್ಮಿ ಸಮತಟ್ಟಾದ ದ್ವೀಪ. ಅಲ್ಲಿಂದ ಆಗ್ನೇಯಕ್ಕೆ ನೋಡಿದರೆ ಮೆನಾಯ್ ಜಲಸಂಧಿಯ ಆಚೆ ಸ್ನೋಡೋನಿಯಾದ ಬೆಟ್ಟಗಳು ಗೋಡೆ ಕಟ್ಟಿದ ಹಾಗೆ ನಿಂತಿವೆ. ವೆಲ್ಷ್ ಭಾಷೆಯಲ್ಲಿ ಇದು ಎರಿರಿ. 1951ರಿಂದ ರಾಷ್ಟ್ರೀಯ ಉದ್ಯಾನ. ಬೆಳಗಿನ ಹೊತ್ತು ಸೂರ್ಯ ಆ ಬೆಟ್ಟಗಳ ಹಿಂದಿರುತ್ತಾನೆ. ಹಿಂದಿನಿಂದ ಬೆಳಕು ಬಿದ್ದ ಯಾವ ವಸ್ತುವಾದರೂ ನಮಗೆ ಕಪ್ಪಾಗಿಯೇ ಕಾಣುತ್ತದೆ. ಆ ದ್ವೀಪದ ಹುಡುಗನಿಗೆ ಬೆಟ್ಟ ಎಂದರೆ ಹೊಳೆಯುವ ಆಕಾಶದ ಮುಂದೆ ನಿಂತ ಕಪ್ಪು ಆಕಾರ ಎಂದೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಬೆಟ್ಟಗಳ ಒಳಗೆ ಹೋದರೆ ಬೆಳಕು ಇನ್ನೂ ಕಡಿಮೆ. ಸ್ನೋಡೋನಿಯಾ ಇರುವುದು ಉತ್ತರಕ್ಕೆ 53 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಟ್ಟನಡು ಮಧ್ಯಾಹ್ನ ಕೂಡ ಸೂರ್ಯ ದಿಗಂತದಿಂದ ಸುಮಾರು 13-14 ಡಿಗ್ರಿಯಷ್ಟೇ ಮೇಲೆ ಬರುತ್ತಾನೆ. ಅಂದರೆ ಒಂದು ಸಾಧಾರಣ ಗುಡ್ಡ ಅಡ್ಡ ಬಂದರೂ ಸಾಕು, ಅದರ ಹಿಂದಿನ ಕಣಿವೆಗೆ ದಿನವಿಡೀ ಬಿಸಿಲಿಲ್ಲ. ಇದಕ್ಕೆ ಹಿಮಯುಗದ ಕೊಡುಗೆಯೂ ಇದೆ. ಹಿಮನದಿಗಳು ಬೆಟ್ಟದ ಮೈಯಲ್ಲಿ ಬಟ್ಟಲಿನಂಥ ಹಳ್ಳಗಳನ್ನು ಕೊರೆದಿವೆ. ವೇಲ್ಸ್‌ನಲ್ಲಿ ಇವನ್ನು ಕೂಮ್ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಉತ್ತರಕ್ಕೋ ಈಶಾನ್ಯಕ್ಕೋ ಬಾಯಿ ತೆರೆದಿವೆ. ಕಾರಣ ಸರಳ. ಬಿಸಿಲು ಬೀಳದ ಕಡೆ ಹಿಮ ಕರಗದೆ ಉಳಿಯಿತು, ಉಳಿದ ಹಿಮ ಗಟ್ಟಿಯಾಗಿ ಅಲ್ಲೇ ಕೊರೆಯಿತು. ಹಾಗಾಗಿ ಆಳವಾದ ಹಳ್ಳಗಳೇ ಕತ್ತಲಾದ ಹಳ್ಳಗಳು. ಚಿತ್ರದ ನಡುವೆ ಕಪ್ಪು ಗುಹೆಯಂತೆ ಕಾಣುವ ಜಾಗ ಇದ್ದರೆ ಅದು ಹೆಚ್ಚಾಗಿ ಇಂಥ ಒಂದು ಕೂಮ್.

ಇಲ್ಲೊಂದು ಸಣ್ಣ ಅಡ್ಡದಾರಿ. 1831ರಲ್ಲಿ ಯುವಕ ಚಾರ್ಲ್ಸ್ ಡಾರ್ವಿನ್ ತನ್ನ ಗುರು ಆಡಮ್ ಸೆಜ್‌ವಿಕ್ ಜೊತೆ ಇಲ್ಲಿನ ಕೂಮ್ ಇಡ್ವಾಲ್‌ಗೆ ಬಂದಿದ್ದ. ಇಬ್ಬರೂ ಬಂಡೆಗಳಲ್ಲಿ ಪಳೆಯುಳಿಕೆ ಹುಡುಕಿದರು. ಸುತ್ತಲೂ ಹಿಮನದಿ ಉಜ್ಜಿದ ಗೀರುಗಳು, ಅದು ತಂದು ಬಿಟ್ಟ ಕಲ್ಲುಗುಂಡುಗಳು ಕಣ್ಣಿಗೆ ಹೊಡೆಯುವ ಹಾಗೆ ಬಿದ್ದಿದ್ದವು. ಇಬ್ಬರಿಗೂ ಕಾಣಲಿಲ್ಲ. ಹಿಮಯುಗದ ಕಲ್ಪನೆಯೇ ಆಗ ಚಾಲ್ತಿಯಲ್ಲಿರಲಿಲ್ಲ. 1842ರಲ್ಲಿ ಡಾರ್ವಿನ್ ಮತ್ತೆ ಬಂದಾಗ ಎಲ್ಲ ಕಂಡಿತು, ಅದರ ಮೇಲೆ ಪ್ರಬಂಧವನ್ನೂ ಬರೆದ. ಬೆಟ್ಟ ನೋಡುವುದಕ್ಕೂ ಒಂದು ತಯಾರಿ ಬೇಕು.

ಮಳೆಯ ಪಾತ್ರ ನನಗೆ ಎಲ್ಲಕ್ಕಿಂತ ಸ್ವಾರಸ್ಯದ್ದು ಅನ್ನಿಸುತ್ತದೆ. ಸ್ನೋಡೋನಿಯಾದ ಎತ್ತರದ ಭಾಗಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದೂ ಒಂದು ಕಾಲದಲ್ಲಿ ಸುರಿದು ಮುಗಿಯುವ ಮಳೆಯಲ್ಲ, ವರ್ಷವಿಡೀ ಆಗಾಗ ಬರುವ ಮಳೆ. ಬಂಡೆ ಒಣಗಿರುವುದಕ್ಕಿಂತ ನೆನೆದಿರುವುದೇ ಹೆಚ್ಚು. ಒಣ ಕಲ್ಲಿನ ಮೈ ಒರಟು. ಬಿದ್ದ ಬೆಳಕನ್ನು ಅದು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಹಾಗಾಗಿ ಸ್ವಲ್ಪ ಬಿಳಿಚಿಕೊಂಡಂತೆ ಕಾಣುತ್ತದೆ. ನೆನೆದಾಗ ಮೈಮೇಲಿನ ಸಣ್ಣ ತಗ್ಗುಗಳಲ್ಲಿ ನೀರು ತುಂಬುತ್ತದೆ. ಬೆಳಕು ನೀರಿನ ಪದರದೊಳಗೆ ಹೊಕ್ಕು, ಕಲ್ಲಿಗೆ ಬಡಿದು, ಹೊರಬರುವಾಗ ನೀರಿನ ಮೇಲ್ಮೈ ಅದರಲ್ಲಿ ಒಂದಿಷ್ಟನ್ನು ಮತ್ತೆ ಕಲ್ಲಿನ ಕಡೆಗೇ ತಿರುಗಿಸುತ್ತದೆ. ಹೀಗೆ ಹೆಚ್ಚು ಬೆಳಕು ಕಲ್ಲಿನಲ್ಲೇ ಇಂಗಿಹೋಗುತ್ತದೆ. ಬೂದು ಕಲ್ಲು ಕಪ್ಪಾಗುತ್ತದೆ. ಆದರೆ ಅದೇ ನೀರಿನ ಪದರಕ್ಕೆ ತಗ್ಗಿದ ಸೂರ್ಯನ ಬೆಳಕು ಓರೆಯಾಗಿ ಬಿದ್ದರೆ ಅದು ಕನ್ನಡಿಯಾಗುತ್ತದೆ. ಆಗ ಬಂಡೆಯ ಒಂದು ಮುಖ ಕಾಡಿಗೆ ಕಪ್ಪು, ಪಕ್ಕದ ಮುಖ ಬೆಳ್ಳಂಬಿಳಿ. ನಡುವೆ ಬೂದು ಬಣ್ಣವೇ ಇಲ್ಲ.

ಕಫಿನ್ ಚಿತ್ರದಲ್ಲಿ ಕಪ್ಪಿನ ಪಕ್ಕದಲ್ಲೇ ಬಿಳಿ ಯಾಕೆ ಕೂತಿದೆ ಎನ್ನುವುದಕ್ಕೆ ಇದು ಉತ್ತರ. ನಾಟಕೀಯವಾಗಿ ಕಾಣಲಿ ಎಂದು ಸುಮ್ನೆ ಹಾಕಿದ್ದಲ್ಲ. ಮಳೆ ನಿಂತ ಐದು ನಿಮಿಷಕ್ಕೆ ಆ ಬೆಟ್ಟಗಳು ಹಾಗೇ ಇರುತ್ತವೆ.

ಇನ್ನೊಂದು ಮಾತು. ಬಯಲುದೃಶ್ಯ ಬರೆಯುವವರಿಗೆ ಶಾಲೆಯಲ್ಲಿ ಕಲಿಸುವ ಮೊದಲ ಪಾಠ: ದೂರದ ಬೆಟ್ಟವನ್ನು ತೆಳು ನೀಲಿಯಾಗಿ, ಮಸುಕಾಗಿ ಬರೆಯಿರಿ. ನಡುವಿನ ಗಾಳಿ, ಅದರಲ್ಲಿರುವ ತೇವ, ಧೂಳು ಬೆಳಕನ್ನು ಚೆದುರಿಸುವುದರಿಂದ ದೂರದ್ದು ಹಾಗೆ ಕಾಣುತ್ತದೆ. ಕಫಿನ್ ಈ ನಿಯಮವನ್ನು ಬಹಳ ಕಡೆ ಮುರಿಯುತ್ತಾರೆ. ದೂರದ ಶಿಖರವೂ ಹತ್ತಿರದ ಗೋಡೆಯಷ್ಟೇ ಗಟ್ಟಿ, ಅಷ್ಟೇ ಕಪ್ಪು. ಸುತ್ತ ಒಂದು ದಪ್ಪ ಕಪ್ಪು ಅಂಚು ಬೇರೆ. ಜೋರು ಮಳೆ ಗಾಳಿಯನ್ನು ತೊಳೆದ ಮೇಲೆ ದೂರದ್ದೂ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಇದಕ್ಕೆ ಅರ್ಧ ಸಮರ್ಥನೆ. ಇನ್ನರ್ಧ ಅವರ ಆಯ್ಕೆ. ದೂರ ಎಂಬುದನ್ನು ತೆಗೆದುಹಾಕಿದರೆ ಬೆಟ್ಟ ಹಿಂದೆ ಸರಿಯುವುದಿಲ್ಲ, ನೋಡುವವರ ಮೇಲೆ ಬಂದು ನಿಲ್ಲುತ್ತದೆ. ಆಕಾಶವನ್ನೂ ಹೆಚ್ಚಾಗಿ ಒಂದು ಸಣ್ಣ ಪಟ್ಟಿಗೆ ಇಳಿಸಿಬಿಡುತ್ತಾರೆ.

ಕಪ್ಪು ಬರೀ ಮನಸ್ಥಿತಿಯದ್ದಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಇರುವ ಒಳ್ಳೆಯ ಸಾಕ್ಷಿ ಪ್ಯಾಟಗೋನಿಯಾ. ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ 1865ರಿಂದ ವೆಲ್ಷ್ ಜನ ನೆಲೆಸಿದ್ದಾರೆ. ಮಿಮೋಸಾ ಎಂಬ ಹಡಗಿನಲ್ಲಿ ಹೋದವರು ಚುಬುತ್ ಕಣಿವೆಯಲ್ಲಿ ಊರು ಕಟ್ಟಿಕೊಂಡರು. 1968ರಲ್ಲಿ ವಿನ್‌ಸ್ಟನ್ ಚರ್ಚಿಲ್ ಫೆಲೋಶಿಪ್ ಪಡೆದು ಕಫಿನ್ ಅಲ್ಲಿಗೆ ಹೋದರು, ಆ ಜನರನ್ನೂ ನೆಲವನ್ನೂ ಚಿತ್ರಿಸಿಕೊಂಡು ಬಂದರು. ಆ ಚಿತ್ರಗಳು ಈಗ ಅಬೆರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ನೋಡಿದರೆ ಇವರೇನಾ ಅನ್ನಿಸುತ್ತದೆ. ಹಳದಿ, ಗುಲಾಬಿ, ತಿಳಿ ನೀಲಿ ಎಲ್ಲ ಬಂದಿವೆ. ಮನುಷ್ಯ ಅದೇ, ಮೂರ್ಛೆರೋಗ ಅದೇ, ವಿಷಾದವೂ ಅದೇ ಇದ್ದಿರಬೇಕು. ಬೆಳಕು ಬೇರೆ ಆಯಿತು.

ಇನ್ನು ಎರಡನೇ ಪ್ರಶ್ನೆ, ದಪ್ಪ ಬಣ್ಣ.

ಕಫಿನ್ ತೈಲಚಿತ್ರಕ್ಕೆ ಮುಖ್ಯವಾಗಿ ಬಳಸಿದ್ದು ಬ್ರಷ್ ಅಲ್ಲ, ಪ್ಯಾಲೆಟ್ ನೈಫ್. ಬಾಗುವ ತೆಳು ಉಕ್ಕಿನ ಅಲಗು, ಮರದ ಹಿಡಿ. ಗಾರೆ ಕೆಲಸದವರ ಕರಣೆಯನ್ನು ಬೆರಳುದ್ದಕ್ಕೆ ಕುಗ್ಗಿಸಿದರೆ ಹೇಗಿರುತ್ತದೋ ಹಾಗೆ. ಮೂಲತಃ ಇದು ಹಲಗೆಯ ಮೇಲೆ ಬಣ್ಣ ಕಲಸುವ ಸಾಧನ. ಅದರಲ್ಲೇ ಚಿತ್ರ ಬರೆದರೆ ಏನಾಗುತ್ತದೆ? ಬ್ರಷ್ಷಿನ ಕೂದಲು ಬಣ್ಣವನ್ನು ಎಳೆಯುತ್ತದೆ, ಪಕ್ಕದ ಬಣ್ಣದೊಂದಿಗೆ ಬೆರೆಸುತ್ತದೆ, ಅಂಚನ್ನು ಮೆದು ಮಾಡುತ್ತದೆ. ನೈಫ್ ಒಂದು ಸಲಕ್ಕೆ ಒಂದು ಚಪ್ಪಟೆ ತುಂಡನ್ನು ಇಟ್ಟು ಎದ್ದುಬಿಡುತ್ತದೆ. ಅಂಚು ಚೂಪಾಗಿರುತ್ತದೆ. ಕೈ ಹಗುರವಾಗಿದ್ದರೆ ಕೆಳಗಿನ ಹಸಿ ಬಣ್ಣದ ಮೇಲೆ ಇನ್ನೊಂದನ್ನು ಕಲಸದೆ ಇಡಬಹುದು. ಆದರೆ ಹುಲ್ಲಿನ ಎಸಳು, ಎಲೆ, ಮಂಜಿನ ತೆಳು ತೆರೆ ಇವು ಅದರಿಂದ ಕಷ್ಟ. ಸಣ್ಣದನ್ನೆಲ್ಲ ಬಿಟ್ಟು ದೊಡ್ಡ ಆಕಾರಗಳನ್ನೇ ಹಿಡಿಯಬೇಕು.

ಸ್ನೋಡೋನಿಯಾದ ಬಂಡೆಗೆ ಇದು ಹೇಳಿ ಮಾಡಿಸಿದಂತಿದೆ. ಕಫಿನ್ ಮತ್ತೆ ಮತ್ತೆ ಬರೆದ ಟ್ರವಾನ್ ಎಂಬ ಬೆಟ್ಟವನ್ನೇ ತೆಗೆದುಕೊಳ್ಳಿ. ಎತ್ತರ 917 ಮೀಟರ್. ಸುಮಾರು 45 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಯ ಕಲ್ಲು. ಅದು ಉರುಟಾಗಿ ಸವೆಯುವುದಿಲ್ಲ, ಬಿರುಕು ಬಿಟ್ಟು ಚೂಪು ಮೂಲೆಗಳಾಗಿ ಒಡೆಯುತ್ತದೆ. ಆ ಸೀಮೆಯಲ್ಲಿ ಹೇರಳವಾಗಿರುವ ಸ್ಲೇಟ್ ಕಲ್ಲು ಹಾಳೆ ಹಾಳೆಯಾಗಿ ಸೀಳುತ್ತದೆ. ಹಾಗಾಗಿ ನೈಫಿನ ಒಂದು ಎಳೆತ ಬಂಡೆಯ ಒಂದು ಮುಖಕ್ಕೆ ಸರಿಹೋಗುತ್ತದೆ. ಮರಗಳೂ ಅಡ್ಡ ಬರುವುದಿಲ್ಲ. ಸಾವಿರಾರು ವರ್ಷ ಕಾಡು ಕಡಿದು, ಕುರಿ ಮೇಯಿಸಿ ಈ ಬೆಟ್ಟಗಳು ಬೋಳಾಗಿವೆ. ಹಾಗಾಗಿ ಕಲ್ಲಿನ ಎಲುಬು ನೇರವಾಗಿ ಕಣ್ಣಿಗೆ ಬೀಳುತ್ತದೆ.

ಇದನ್ನು ಅಳೆದು ನೋಡುವುದಕ್ಕೆ ಅದೇ ಕಾಲದ ಇನ್ನೊಬ್ಬ ಕಲಾವಿದೆ ಇದ್ದಾರೆ. ಶೀಲಾ ಫೆಲ್. 1931ರಲ್ಲಿ ಇಂಗ್ಲೆಂಡಿನ ಉತ್ತರಕ್ಕಿರುವ ಕಂಬರ್‌ಲ್ಯಾಂಡಿನ ಆಸ್ಪಾಟ್ರಿಯಾದಲ್ಲಿ ಹುಟ್ಟಿದವರು, ಕಲ್ಲಿದ್ದಲು ಗಣಿ ಕಾರ್ಮಿಕರ ಮಗಳು. 1955ರಲ್ಲಿ ಲಂಡನ್ನಿನ ಬೋಜಾರ್ ಗ್ಯಾಲರಿಯಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಕಾರ್ಖಾನೆಗಳ ಚಿತ್ರಕ್ಕೆ ಹೆಸರಾದ ಎಲ್. ಎಸ್. ಲೌರಿ ಅವರ ಚಿತ್ರಗಳನ್ನು ಕೊಂಡರು, ಬೆನ್ನಿಗೂ ನಿಂತರು. ಫೆಲ್ ಬಣ್ಣವೂ ದಪ್ಪ, ಚಿತ್ರವೂ ಕಪ್ಪು. ಆದರೆ ಅವರ ಬೆಟ್ಟಗಳು ಚೂಪಾಗಿಲ್ಲ, ಉಬ್ಬಿ ಇಳಿಯುತ್ತವೆ. ಅವರ ಊರಿನ ಹತ್ತಿರದ ಸ್ಕಿಡ್ಡಾ ಬೆಟ್ಟ ನಿಜಕ್ಕೂ ಹಾಗೇ ಇದೆ, ಮೆದು ಕಲ್ಲು ಸವೆದು ದುಂಡಗಾಗಿದೆ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಬಣ್ಣ ಇಬ್ಬರಲ್ಲೂ ತಂತಮ್ಮ ನೆಲದ ಕಲ್ಲನ್ನು ಹಿಂಬಾಲಿಸಿದೆ ಅನ್ನಿಸುತ್ತದೆ.

ಇಬ್ಬರಿಗೂ ಸಮಾನವಾದದ್ದು ಇನ್ನೊಂದಿದೆ: ಇಬ್ಬರೂ ಲಂಡನ್ನಿನಲ್ಲಿ ಬದುಕಿ ಊರಿನ ಬೆಟ್ಟ ಬರೆದವರು. ಕಫಿನ್ ರಜೆ ಬಂದಾಗ ವೇಲ್ಸ್‌ಗೆ ಹೋಗುತ್ತಿದ್ದರು. ಬೆಟ್ಟದ ಎದುರು ಕೂತು ಪೆನ್ಸಿಲ್ಲು, ಇಂಕು, ತೆಳು ಜಲವರ್ಣದಲ್ಲಿ ಬೇಗ ಬೇಗ ಸ್ಕೆಚ್ ಮಾಡಿಕೊಳ್ಳುತ್ತಿದ್ದರು. ತೈಲಚಿತ್ರ ಆಮೇಲೆ, ಒಳಗೆ ಕೂತು. 1950, 60ರ ದಶಕದ ಎಷ್ಟೋ ವೆಲ್ಷ್ ಬೆಟ್ಟಗಳು ಹೀಗೆ ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ತಯಾರಾದವು. ಬೆಟ್ಟ ಎದುರಿಗಿದ್ದರೆ ಕಣ್ಣಿಗೆ ಕಂಡದ್ದನ್ನೆಲ್ಲ ಬರೆಯುವ ಆಸೆ ಹುಟ್ಟುತ್ತದೆ. ಎದುರಿಗಿಲ್ಲದಿದ್ದರೆ ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಬರೆಯಬೇಕು. ಉಳಿಯುವುದು ಬೆಟ್ಟದ ಗೀಟು, ತೂಕ, ಬೆಳಕು ಬಿದ್ದ ಒಂದೆರಡು ಜಾಗ. ನೈಫಿಗೆ ಬೇಕಾದದ್ದೂ ಅಷ್ಟೇ.

ದಪ್ಪ ಬಣ್ಣ ಆ ಕಾಲದ ಗಾಳಿಯಲ್ಲೂ ಇತ್ತು. 1952ರಲ್ಲಿ ಫ್ರಾನ್ಸಿನ ಚಿತ್ರಕಾರ ನಿಕೊಲಾ ದ ಸ್ತಾಲ್ ಅವರ ಚಪ್ಪಡಿ ಚಪ್ಪಡಿ ಬಣ್ಣದ ಚಿತ್ರಗಳು ಲಂಡನ್ನಿನಲ್ಲಿ ಪ್ರದರ್ಶನವಾಗಿದ್ದವು. 1956ರಲ್ಲಿ ಫ್ರಾಂಕ್ ಔರ್‌ಬಾಖ್ ಅದೇ ಬೋಜಾರ್ ಗ್ಯಾಲರಿಯಲ್ಲಿ ಬಣ್ಣವನ್ನು ಬೆರಳು ಗಾತ್ರಕ್ಕೆ ಪೇರಿಸಿದ ಚಿತ್ರಗಳನ್ನು ತೂಗುಹಾಕಿದರು. ಅದೇ ವರ್ಷ ಅಮೆರಿಕದ ಅಮೂರ್ತ ಚಿತ್ರಗಳು ಟೇಟ್ ಗ್ಯಾಲರಿಗೆ ಬಂದವು, ಎಷ್ಟೋ ಯುವ ಕಲಾವಿದರು ಆ ದಾರಿ ಹಿಡಿದರು. ಕಫಿನ್ ಹಿಡಿಯಲಿಲ್ಲ. ಅವರಿಗೆ ಬೆಟ್ಟ ಬೆಟ್ಟವಾಗಿಯೇ ಇರಬೇಕಿತ್ತು.

ತೈಲವರ್ಣ ಒಣಗುವ ರೀತಿಯನ್ನೂ ಇಲ್ಲಿ ಹೇಳಬೇಕು. ನೀರು ಆರುವ ಹಾಗೆ ಎಣ್ಣೆ ಆರಿಹೋಗುವುದಿಲ್ಲ. ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ತನ್ನೊಳಗೇ ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ತೆಳು ಪದರವಾದರೆ ಕೆಲವು ದಿನ ಸಾಕು. ದಪ್ಪ ಹೆಂಟೆಯಾದರೆ ಮೇಲೆ ಮೊದಲು ಚರ್ಮ ಕಟ್ಟುತ್ತದೆ, ಒಳಗೆ ಆಮ್ಲಜನಕ ನಿಧಾನವಾಗಿ ಇಳಿಯಬೇಕು. ಒಳಗಿನ ಬಣ್ಣ ವರ್ಷಗಟ್ಟಲೆ ಮೆತ್ತಗೇ ಇರಬಹುದು. ಮೇಲಿನ ಚರ್ಮ ಸುಕ್ಕಾಗುತ್ತದೆ, ಬಿರುಕು ಬಿಡುವುದೂ ಉಂಟು. ಏಣುಗಳ ಮಧ್ಯೆ ಧೂಳು ಕೂರುತ್ತದೆ, ಬಟ್ಟೆಯಲ್ಲಿ ಒರೆಸುವ ಹಾಗಿಲ್ಲ. ಇಂಥ ಚಿತ್ರಗಳನ್ನು ನೋಡಿಕೊಳ್ಳುವವರಿಗೆ ಇದು ತಲೆನೋವು.

ನೋಡುವವರಿಗೆ ಮಾತ್ರ ಲಾಭ. ಗ್ಯಾಲರಿಯಲ್ಲಿ ದೀಪ ಮೇಲಿನಿಂದ ಬೀಳುತ್ತದೆ. ಬಣ್ಣದ ಪ್ರತಿ ಏಣಿನ ಮೇಲಂಚು ಹೊಳೆಯುತ್ತದೆ, ಕೆಳಗೆ ಒಂದು ನಿಜವಾದ ಸಣ್ಣ ನೆರಳು ಬೀಳುತ್ತದೆ. ಬರೆದ ನೆರಳಿಗೆ ಬಿದ್ದ ನೆರಳು ಸೇರಿಕೊಳ್ಳುತ್ತದೆ. ನೀವು ನಡೆದರೆ ಹೊಳಪು ಜಾಗ ಬದಲಿಸುತ್ತದೆ, ಒದ್ದೆ ಬಂಡೆಯ ಹೊಳಪೂ ಹಾಗೇ ತಾನೇ? ಫೋಟೋದಲ್ಲಿ ಇದೆಲ್ಲ ಹೋಗಿಬಿಡುತ್ತದೆ. ಫೋಟೋ ತೆಗೆಯುವವರು ಹೊಳಪು ಬೇಡವೆಂದು ಎರಡೂ ಕಡೆಯಿಂದ ಸಮನಾಗಿ ಬೆಳಕು ಹಾಕುತ್ತಾರೆ, ಉಬ್ಬುತಗ್ಗು ಮಾಯವಾಗುತ್ತದೆ. ಫೋನಿನಲ್ಲಿ ನೋಡಿ ಇವು ಮಂಕು ಚಿತ್ರಗಳು ಅಂದವರನ್ನು ನಾನು ದೂರುವುದಿಲ್ಲ.

ಬೆಟ್ಟದ ಚಿತ್ರದ ಪರಂಪರೆ ವೇಲ್ಸ್‌ಗೆ ಹೊಸದಲ್ಲ. 18ನೇ ಶತಮಾನದಲ್ಲಿ ರಿಚರ್ಡ್ ವಿಲ್ಸನ್ ಇದೇ ಬೆಟ್ಟಗಳನ್ನು ಇಟಲಿಯ ಬೆಳಕಿನಲ್ಲಿ ತೊಳೆದು, ಚಿತ್ರ ಚೆನ್ನಾಗಿ ಕೂರಲಿ ಎಂದು ಆಕಾರವನ್ನೂ ಅಷ್ಟಿಷ್ಟು ಬದಲಿಸಿ ಬರೆದರು. 1911-12ರ ಹೊತ್ತಿಗೆ ಜೆ. ಡಿ. ಇನ್ನೆಸ್ ಮತ್ತು ಅಗಸ್ಟಸ್ ಜಾನ್ ಅರೆನಿಗ್ ಬೆಟ್ಟದ ಕೆಳಗೆ ಕೂತು ಅದನ್ನು ನೇರಳೆ, ಗುಲಾಬಿಯಲ್ಲಿ ಕಂಡರು. 1940ರ ದಶಕದಲ್ಲಿ ಜಾನ್ ಪೈಪರ್ ನಾಂಟ್ ಫ್ರಾಂಕನ್ ಕಣಿವೆಯಲ್ಲಿ ಮನೆ ಬಾಡಿಗೆಗೆ ಹಿಡಿದು ಬಂಡೆಗಳನ್ನು ತೀರಾ ಹತ್ತಿರದಿಂದ ನೋಡಿದರು. ಇವರಲ್ಲಿ ಪೈಪರ್ ಹೊರಗಿನಿಂದ ಬಂದ ಕಣ್ಣು. ಕಫಿನ್‌ಗೆ ಅದು ಮನೆಯ ಕಿಟಕಿಯ ನೋಟ.

ಅದಕ್ಕೇ ಇರಬೇಕು, ಅವರ ಬೆಟ್ಟಗಳಲ್ಲಿ ಆಗಾಗ ಒಬ್ಬ ರೈತ ಸಿಗುತ್ತಾನೆ. ಕೋಲು, ಟೋಪಿ, ಜೊತೆಗೆ ಕುರಿ ಕಾಯುವ ನಾಯಿ. ಗಾಳಿಗೆ ಬಾಗಿದ ಮೈ, ಮುಖ ಸ್ಪಷ್ಟವಿಲ್ಲ. ಪಕ್ಕದಲ್ಲಿ ಸುಣ್ಣ ಬಳಿದ ಸಣ್ಣ ಮನೆ, ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ಕೆಳಗಿನ ಗದ್ದೆಗಳಿಗೆ ಬೇಲಿ ಇರುತ್ತದೆ, ಮೇಲಿನ ತೆರೆದ ಬೆಟ್ಟಕ್ಕೆ ಇರುವುದಿಲ್ಲ. ಅಲ್ಲಿ ಒಂದೊಂದು ಹಿಂಡಿಗೂ ತನ್ನದೇ ಜಾಗ. ಆ ಜಾಗದ ಗಡಿಯನ್ನು ಮರಿ ತಾಯಿಯಿಂದ ಕಲಿಯುತ್ತದೆ. ಹಾಗಾಗಿ ಜಮೀನು ಮಾರುವಾಗ ಹಿಂಡನ್ನೂ ಸೇರಿಸಿಯೇ ಮಾರುವ ರೂಢಿ ಇದೆ. ಹಿಂಡು ಹೋಯಿತೆಂದರೆ ಆ ತಿಳಿವಳಿಕೆಯೂ ಹೋಯಿತು. 1947ರ ಚಳಿಗಾಲದ ಹಿಮದಲ್ಲಿ ಬ್ರಿಟನ್ನಿನಾದ್ಯಂತ ಲಕ್ಷಾಂತರ ಕುರಿಗಳು ಸತ್ತವು. ಬೆಟ್ಟದ ರೈತರಿಗಾದ ಪೆಟ್ಟು ಎಂಥದೆಂದು ಇದರಿಂದ ಅಂದಾಜು ಮಾಡಬಹುದು.

ಚಿತ್ರದಲ್ಲಿ ಇಲ್ಲದ್ದನ್ನೂ ಗಮನಿಸಬೇಕು. 1963ರಲ್ಲಿ ಫೆಸ್ಟಿನಿಯೋಗ್‌ನಲ್ಲಿ ಜಲವಿದ್ಯುತ್ ಕೇಂದ್ರ ಬಂತು. 1965ರಲ್ಲಿ ಟ್ರಾಸ್‌ವನಿದ್‌ನಲ್ಲಿ ಪರಮಾಣು ವಿದ್ಯುತ್ ಸ್ಥಾವರ ಶುರುವಾಯಿತು. ಅದೇ ವರ್ಷ ಲಿವರ್‌ಪೂಲ್ ನಗರಕ್ಕೆ ನೀರು ಒದಗಿಸಲು ಕಾಪೆಲ್ ಕೆಲಿನ್ ಎಂಬ ಹಳ್ಳಿಯನ್ನು ಮುಳುಗಿಸಿದರು, ವೇಲ್ಸ್‌ನಲ್ಲಿ ಅದರ ಸಿಟ್ಟು ಇನ್ನೂ ಆರಿಲ್ಲ. 1969ರಲ್ಲಿ ಡಿನೋರ್ವಿಗ್ ಸ್ಲೇಟ್ ಗಣಿ ಮುಚ್ಚಿತು. ಕರೆಂಟ್ ಕಂಬ, ಅಣೆಕಟ್ಟು, ಕಾರು, ಪ್ರವಾಸಿಗರು ಇವೆಲ್ಲ ಆ ಕಣಿವೆಗಳಲ್ಲಿ ತುಂಬಿಕೊಳ್ಳುತ್ತಿದ್ದ ಕಾಲ ಅದು. ಕಫಿನ್‌ರ ಬೆಟ್ಟಗಳಲ್ಲಿ ಇವು ಕಾಣುವುದು ಬಲು ಅಪರೂಪ. ಕಲ್ಲು, ಮಳೆಯ ವಿಷಯದಲ್ಲಿ ಅಷ್ಟು ನಿಷ್ಠುರವಾಗಿದ್ದ ಕಣ್ಣು ಈ ವಿಷಯದಲ್ಲಿ ಬೇಕೆಂದೇ ಮುಚ್ಚಿಕೊಂಡಿತು. ಹಳೆಯ ರೈತಬದುಕು ಹಾಗೇ ಇರಲಿ ಎಂಬ ಆಸೆ ಅಲ್ಲಿದೆ. ಅವರ ಚಿತ್ರಗಳು ವೇಲ್ಸ್‌ನ ಮನೆಮನೆಗೆ ಅಷ್ಟು ಇಷ್ಟವಾದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಜನಪ್ರಿಯತೆ ಅವರಿಗೆ ಸ್ವಲ್ಪ ಹಾನಿಯನ್ನೂ ಮಾಡಿತು. 1974ರಲ್ಲಿ ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯರಾದರು, 1999ರಲ್ಲಿ ಸರ್ ಪದವಿ ಬಂತು, 2006ರಲ್ಲಿ ತೀರಿಕೊಂಡರು. ಕೊನೆಯವರೆಗೂ ಬರೆದರು. ಕೊನೆಕೊನೆಯ ಚಿತ್ರಗಳಲ್ಲಿ ಕೆಲವನ್ನು ನೋಡಿದರೆ ಕಣ್ಣಿಗಿಂತ ಕೈಯ ಅಭ್ಯಾಸವೇ ಬರೆದಂತಿದೆ. ಅದೇ ರೈತ, ಅದೇ ನಾಯಿ, ಅದೇ ಓರೆ ಬಿಳಿ ಪಟ್ಟಿ. ನನಗೆ 50, 60ರ ದಶಕದವೇ ಮೇಲು. ಅಲ್ಲಿ ಬಣ್ಣ ಇಡುವ ಮುಂಚೆ ಪ್ರತಿ ಸಲ ಏನೋ ಒಂದನ್ನು ತೀರ್ಮಾನಿಸಿದ್ದು ಗೊತ್ತಾಗುತ್ತದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರು ರಜೆಗೆ ಸ್ನೋಡೋನಿಯಾ ಹತ್ತಲು ಹೊರಟರೆ ಮೆನಾಯ್ ಸೇತುವೆ ದಾಟಿ ಲಾನ್‌ಗೆವ್ನಿಗೂ ಹೋಗಿ ಬನ್ನಿ. ಅಲ್ಲಿನ ಓರಿಯಲ್ ಮೋನ್ ಎಂಬ ವಸ್ತುಸಂಗ್ರಹಾಲಯದಲ್ಲಿ 2008ರಿಂದ ಅವರ ಹೆಸರಿನದೇ ಒಂದು ಗ್ಯಾಲರಿ ಇದೆ. ಕಾರ್ಡಿಫ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲೂ ಅವರ ಚಿತ್ರಗಳಿವೆ. ಮನೆಯಲ್ಲೇ ಕೂತು ನೋಡುವವರಿಗೆ ಬ್ರಿಟನ್ನಿನ ಸಾರ್ವಜನಿಕ ಸಂಗ್ರಹಗಳ ಚಿತ್ರಗಳನ್ನು ಒಟ್ಟುಗೂಡಿಸಿರುವ ಆರ್ಟ್ ಯುಕೆ ಜಾಲತಾಣ ಸಾಕು. ಗ್ಯಾಲರಿಗೆ ಹೋದವರು ಚಿತ್ರದ ಎದುರು ನಿಂತು ನೋಡಿದ ಮೇಲೆ ಗೋಡೆಯ ಪಕ್ಕಕ್ಕೆ ಬಂದು ಓರೆಯಿಂದಲೂ ಒಮ್ಮೆ ನೋಡಿ. ಬಣ್ಣ ಎಷ್ಟು ಎದ್ದಿದೆ, ನೈಫ್ ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ, ಯಾವ ತುಂಡು ಕೊನೆಗೆ ಬಿತ್ತು ಎಲ್ಲ ಆ ಕೋನದಿಂದಲೇ ಚೆನ್ನಾಗಿ ತಿಳಿಯುವುದು.